ಪಂಚಾಂಗದಲ್ಲಿ ಹದಿಮೂರು ಹೆಸರು

ಪೀಠದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರಾದ ಶ್ರೀ ತಿರುಮಲೇಶ ಅವರೇ, ವಿಮಾನದ ನಿದ್ದೆ ಇನ್ನೂ ಕಣ್ಣಿನಲ್ಲಿದ್ದರೂ ನೆಟ್ಟಗೆ ಕುಳಿತಿರುವ ಬೆಂಗಳೂರಿನ ಮುಖ್ಯ ಅತಿಥಿಗಳೇ, ಪೆನಿನ್ಸುಲಾ ಕನ್ನಡ ಬಳಗದ ಪದಾಧಿಕಾರಿಗಳೇ, ಹಿಂದುಗಡೆ ಬಿಸಿಬೇಳೆಬಾತಿಗೆ ಕಾವಲು ನಿಂತಿರುವ ಸ್ವಯಂಸೇವಕರೇ, ಆ ಘಮಲು ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ನಮ್ಮ ಬಳಗದಲ್ಲಿ ಒಂದು ಪದ್ಧತಿ ಇದೆ. ಸನ್ಮಾನ ಯಾರಿಗೇ ಆಗಲಿ, ಅವರ ಪರಿಚಯವನ್ನು ಅವರ ಮನೆಯವರೇ ಮಾಡಿಕೊಡಬೇಕು. ಈ ಪದ್ಧತಿ ಹುಟ್ಟಿದ್ದು ಹೇಗೆ ಎಂದು ಹೊಸಬರಿಗೆ ತಿಳಿಯದು. ನಾಲ್ಕು ವರ್ಷದ ಹಿಂದೆ ಇದೇ ಸ್ಯಾನ್ ಮಟಿಯೋ ಶಾಲೆಯ ಇದೇ ವೇದಿಕೆಯಲ್ಲಿ ಹಾಸನದವರೊಬ್ಬರನ್ನು ಮಂಡ್ಯದವರು ಎಂದು ಪರಿಚಯಿಸಿ ದೊಡ್ಡ ರಂಪವಾಯಿತು. ಅಂದಿನಿಂದ, ತಪ್ಪಾದರೆ ಅವರವರ ಮನೆಯಲ್ಲೇ ಬಗೆಹರಿಸಿಕೊಳ್ಳಲಿ ಎಂದು ಸಮಿತಿ ಈ ನಿಯಮ ಮಾಡಿತು. ಆದ್ದರಿಂದ ಇಂದು ಶಾಲು ಹೊದ್ದು, ಮಡಿಲಲ್ಲಿ ಹಣ್ಣಿನ ತಟ್ಟೆ ಇಟ್ಟುಕೊಂಡು ಕುಳಿತಿರುವ ಶ್ರೀಮತಿ ಸತ್ಯವತಿಯವರನ್ನು ಪರಿಚಯಿಸುವ ಭಾರ ಅವರ ಗಂಡನಾದ ವೆಂಕಟಾಚಲ ಎಂಬ ನನ್ನ ಮೇಲೆ ಬಿದ್ದಿದೆ. ಹದಿನೈದು ನಿಮಿಷ ಕೊಟ್ಟಿದ್ದಾರೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಸತ್ಯವತಿಯ ಎದುರು ನಾನು ಹದಿನೈದು ನಿಮಿಷ ಅಡ್ಡಮಾತಿಲ್ಲದೆ ಮಾತನಾಡುತ್ತಿರುವುದು ಇದೇ ಮೊದಲು. ಬಳಗಕ್ಕೆ ನಾನು ಋಣಿ.

ಸಭಿಕರೇ, ಸತ್ಯವತಿ ಏನು ಕೆಲಸ ಮಾಡುತ್ತಾಳೆ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ‘ಕೌಂಟಿ ಆಫೀಸಿನಲ್ಲಿ’ ಎಂದು ಹೇಳುತ್ತೀರಿ. ಹಾಗೆಂದು ನಿಮಗೆ ಹೇಳಿದವನು ನಾನೇ. ಒಂಬತ್ತು ವರ್ಷ ಹಾಗೇ ಹೇಳಿಕೊಂಡು ಬಂದೆ. ಆಕೆ ಕೆಲಸ ಮಾಡುವುದು ಕೊರೋನರ್ ಆಫೀಸಿನಲ್ಲಿ. ಅಕಾಲದಲ್ಲಿ ಸತ್ತವರು, ಯಾರೂ ಇಲ್ಲದೆ ಸತ್ತವರು, ಪೊಲೀಸರ ಕೈಯಲ್ಲಿದ್ದಾಗ ಸತ್ತವರು, ಇವರೆಲ್ಲರ ದೇಹ ಮೊದಲು ಹೋಗುವುದು ಅಲ್ಲಿಗೆ. ಡಾಕ್ಟರು ನೋಡಿ ಕಾರಣ ಹೇಳುತ್ತಾರೆ, ಸತ್ಯವತಿ ಮರಣಪತ್ರ ಟೈಪು ಮಾಡುತ್ತಾಳೆ. ಮೈಸೂರಿನಲ್ಲಿ ಕಲಿತ ಟೈಪಿಂಗು ನೋಡಿ, ಒಂದಕ್ಷರ ತಪ್ಪಿದರೆ ಇಡೀ ಹಾಳೆ ಮತ್ತೆ ಹೊಡೆಯುತ್ತಾಳೆ. ಸತ್ತವರಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಏನು ಬೇಕು?

ಆದರೆ ಮನೆಗೆ ಬಂದರೆ ಮೈಲಿಗೆ. ದಿನವೂ ಸಂಜೆ ಗರಾಜಿನ ಬಾಗಿಲಿನಿಂದ ಬಂದು, ಪಕ್ಕದ ಬಾತ್‌ರೂಮಿನಲ್ಲಿ ತಲೆಗೆ ನೀರು ಹಾಕಿಕೊಂಡ ಮೇಲೆಯೇ ಅಡುಗೆಮನೆಗೆ ಪ್ರವೇಶ. ಈ ವರ್ಷ ನೀರಿನ ಅಭಾವವಲ್ಲವೇ, ನಗರದವರು ನಮಗೊಂದು ಕಾಗದ ಬರೆದು, ಈ ಮನೆಯಲ್ಲಿ ಒಟ್ಟು ಎಷ್ಟು ಜನ ಇದ್ದೀರಿ ಎಂದು ಕೇಳಿದ್ದರು. ಮೂರು ಜನ ಎಂದು ಬರೆದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಇನ್ನು ಪಂಚಾಂಗದ ಮಾತಿಗೆ ಬರುತ್ತೇನೆ. ಪ್ರತಿ ಯುಗಾದಿಗೆ ನಂಜನಗೂಡಿನಿಂದ ನನ್ನ ಭಾವಮೈದುನ ಒಂದು ಪಂಚಾಂಗ ಕಳಿಸುತ್ತಾನೆ. ಅದು ಹಡಗಿನಲ್ಲಿ ಬರುವಷ್ಟರಲ್ಲಿ ಶ್ರಾವಣ ಆಗಿರುತ್ತದೆ, ಆ ಮಾತು ಬೇರೆ. ನೀವೆಲ್ಲ ಪಂಚಾಂಗದಲ್ಲಿ ಹಬ್ಬ ನೋಡುತ್ತೀರಿ, ರಾಹುಕಾಲ ನೋಡುತ್ತೀರಿ. ಸತ್ಯವತಿ ಅದರಲ್ಲಿ ಸತ್ತವರ ಹೆಸರು ಬರೆಯುತ್ತಾಳೆ. ಆ ದಿನ ಆಫೀಸಿನಲ್ಲಿ ಯಾರ ಮರಣಪತ್ರ ಟೈಪು ಮಾಡಿದಳೋ ಅವರ ಹೆಸರು, ಸತ್ತ ದಿನದ ಸಾಲಿನಲ್ಲಿ, ತಿಥಿಯ ಪಕ್ಕದಲ್ಲಿ. ಜೊತೆಗೆ ಎರಡು ಮೂರು ಮಾತು: ‘ಸೇತುವೆ’, ‘ಕಾರು’, ‘ಒಬ್ಬಳೇ, ಬೆಕ್ಕು ಇತ್ತು’. ಎಲ್ಲ ಕನ್ನಡದಲ್ಲಿ. ನಾನು ಕೇಳಿದ್ದೆ: ‘ಯಾಕೆ ಈ ಹುಚ್ಚು? ಅವರೇನು ನಮ್ಮ ಬಂಧುಗಳಾ?’

‘ಅವರ ಕಡೆಯೋರು ಯಾರಿಗೂ ತಿಥಿ ಗೊತ್ತಿರಲ್ಲ ಕಣ್ರೀ. ಒಂದು ಕಡೆ ಬರೆದಿರ್ಲಿ. ಯಾವತ್ತಾದ್ರೂ ಯಾರಾದ್ರೂ ಕೇಳ್ಕೊಂಡು ಬಂದ್ರೆ?’

ಅಮೆರಿಕದಲ್ಲಿ ಯಾರು ತಿಥಿ ಕೇಳಿಕೊಂಡು ಬರುತ್ತಾರೆ, ಹೇಳಿ. ನಾನು ನಕ್ಕುಬಿಟ್ಟೆ. ಎಲ್ಲರ ಮನೆಯಲ್ಲೂ ಒಂದೊಂದು ಹುಚ್ಚು ಇರುತ್ತದೆ, ನಮ್ಮ ಮನೆಯದು ಇದು ಎಂದುಕೊಂಡೆ. ವರ್ಷ ಮುಗಿದ ಮೇಲೆ ಆ ಪಂಚಾಂಗ ದೇವರ ಗೂಡಿನ ಕೆಳಗಿನ ಖಾನೆ ಸೇರುತ್ತಿತ್ತು.

ಈಗ ಪರಿಚಯ ಮಾಡಿಕೊಡುವವನ ಪರಿಚಯವೂ ಒಂದಿಷ್ಟು ಆಗಲಿ. ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರು. ರೆಡ್‌ವುಡ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ಈಗ ಆ ಕಂಪನಿ ಇಲ್ಲ, ಹೆಸರು ಬೇಡ. ಮೊದಲು ಕ್ಯಾಮೆರಾ ಫ್ಲ್ಯಾಶು ಮಾಡುತ್ತಿದ್ದೆವು. ಆಮೇಲೆ ಎಂಬತ್ತರ ಸುಮಾರಿಗೆ ಬೇರೊಂದು ಕೆಲಸ ಬಂತು: ಪೊಲೀಸರಿಗೆ ಸ್ಟನ್ ಗನ್. ಹೆಸರು ಗನ್ನು, ನೋಡಲು ಗಡ್ಡ ಹೆರೆಯುವ ಮೆಷಿನ್ನು. ಎರಡು ಹಲ್ಲು, ಒಳಗೊಂದು ಬ್ಯಾಟರಿ. ಮೈಗೆ ಮುಟ್ಟಿಸಿದರೆ ಎಂಥ ಜಟ್ಟಿಯೂ ಕುಸಿಯುತ್ತಾನೆ, ಐದು ನಿಮಿಷಕ್ಕೆ ಎದ್ದು ಕೂರುತ್ತಾನೆ. ಗುಂಡು ಹೊಡೆಯುವುದು ತಪ್ಪುತ್ತದಲ್ಲ, ಒಂದು ಜೀವ ಉಳಿಯುತ್ತದಲ್ಲ! ಅದರ ಸರ್ಕ್ಯೂಟು ನನ್ನದು. ಸಭಿಕರೇ, ನನಗೆ ಎಷ್ಟು ಹೆಮ್ಮೆ ಇತ್ತು ಎಂದರೆ, ಮೊದಲ ಪೀಸು ಮನೆಗೆ ತಂದು, ಗರಾಜಿನಲ್ಲಿ ನಿಂತು, ನನ್ನ ತೊಡೆಗೆ ನಾನೇ ಮುಟ್ಟಿಸಿಕೊಂಡೆ. ಆಮೇಲೆ ನನಗೆ ಗೊತ್ತಾದದ್ದು, ನಾನು ಅಕ್ಕಿ ಮೂಟೆಯ ಮೇಲೆ ಅಂಗಾತ ಬಿದ್ದಿದ್ದೇನೆ, ಇಂದು ಎಂಬ ನಮ್ಮ ಮಗಳು ಸೈಕಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತು ‘ಮಾಮ್, ಡ್ಯಾಡ್ ಈಸ್ ಆನ್ ದ ರೈಸ್’ ಎಂದು ಕೂಗುತ್ತಿದ್ದಾಳೆ.

ಎದ್ದು ಕೂತು ಸತ್ಯವತಿಗೆ ಹೇಳಿದೆ: ‘ನೋಡು, ಏನೂ ಆಗಲಿಲ್ಲ. ಬದುಕಿದೀನಿ.’

ಎಂಥ ಪ್ರಯೋಗ! ಮೊಸರನ್ನ ಉಂಡು, ಎಂಟು ಗಂಟೆ ನಿದ್ದೆ ಮಾಡಿ ಎದ್ದ ನಲವತ್ತೈದರ ಗಂಡಸು, ತನ್ನ ಮನೆಯಲ್ಲೇ, ಬೀಳಲು ಅಕ್ಕಿ ಮೂಟೆ ಆರಿಸಿಕೊಂಡು ನಿಂತು ಮಾಡಿದ ಪ್ರಯೋಗ. ಬೀದಿಯಲ್ಲಿ ಓಡಿ ಓಡಿ ಉಬ್ಬಸ ಬಂದವನಿಗೆ ಏನಾಗುತ್ತದೆ? ತಲೆ ಕೆಟ್ಟು ಮೂರು ದಿನದಿಂದ ನಿದ್ದೆ ಇಲ್ಲದವನಿಗೆ ಏನಾಗುತ್ತದೆ? ಮುಟ್ಟಿಸಿದ ಮೇಲೆ ಬೆನ್ನ ಮೇಲೆ ನಾಲ್ಕು ಜನ ಕೂತರೆ ಏನಾಗುತ್ತದೆ? ಇದು ಯಾವುದನ್ನೂ ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಪ್ರಮೋಷನ್ ಬರುತ್ತಿರಲಿಲ್ಲ.

ಎಂಬತ್ತೈದನೆಯ ಇಸವಿಯಲ್ಲಿ ಸತ್ಯವತಿಯ ಆಫೀಸಿನ ಕಿಟಕಿಗೆ ಒಬ್ಬ ಹೆಂಗಸು ಬರತೊಡಗಿದರು. ಹೆಸರು ಮಿಸೆಸ್ ಹ್ಯಾಚರ್. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಪ್ರತಿ ಬುಧವಾರ, ಕೆಲಸ ಮುಗಿಸಿ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಇಪ್ಪತ್ತಾರು ವರ್ಷದ ಮಗ ರೇಮಂಡ್, ಬೇಕರಿಯಲ್ಲಿದ್ದವನು, ಒಂದು ಬೆಳಗಿನ ಜಾವ ತಲೆ ಕೆಟ್ಟವನಂತೆ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದ. ತಾಯಿಯೇ ಹೆದರಿ, ಆಸ್ಪತ್ರೆಗೆ ಸೇರಿಸಲು ಸಹಾಯವಾಗಲಿ ಎಂದು ಪೊಲೀಸರಿಗೆ ಫೋನು ಮಾಡಿದರು. ಪೊಲೀಸರು ಬಂದರು, ಶಾಕ್ ಮುಟ್ಟಿಸಿದರು, ಹುಡುಗ ಬಿದ್ದ. ಮುಕ್ಕಾಲು ಗಂಟೆಯಲ್ಲಿ ಹೋಗಿಬಿಟ್ಟ. ಮರಣಪತ್ರದಲ್ಲಿ ‘ಹೃದಯದ ತೊಂದರೆ’ ಎಂದು ಬಂತು.

ಆ ತಾಯಿ ಕೇಳುತ್ತಿದ್ದುದು ಒಂದೇ ಮಾತು. ‘ಮಿಸ್ ಸತ್ಯಾ, ಆ ಗುಂಯ್‌ಗುಟ್ಟಿದ ಪೆಟ್ಟಿಗೆಯ ವಿಷಯ ಈ ಕಾಗದದಲ್ಲಿ ಎಲ್ಲಿದೆ?’

ಎಲ್ಲೂ ಇರಲಿಲ್ಲ. ಆಂಬುಲೆನ್ಸಿನವರು ಬರೆದ ಚೀಟಿಯಲ್ಲಿತ್ತು, ಚೀಟಿ ಫೈಲಿನಲ್ಲಿತ್ತು. ಮರಣಪತ್ರದಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಮೂರನೆಯ ಬುಧವಾರ ಸತ್ಯವತಿ ಮನೆಗೆ ಬಂದು, ಸ್ನಾನ ಮಾಡಿ, ದೇವರ ಗೂಡಿನ ಕೆಳಗಿನಿಂದ ಐದು ವರ್ಷದ ಪಂಚಾಂಗ ತೆಗೆದು ಊಟದ ಮೇಜಿನ ಮೇಲೆ ಹರಡಿದಳು. ಅಂದು ನಮಗೆ ಊಟ ಸಿಕ್ಕಿದ್ದು ಒಂಬತ್ತೂವರೆಗೆ.

‘ರೀ, “ಶಾಕ್” ಅಂತ ನಾನು ಹದಿಮೂರು ಕಡೆ ಬರೆದಿದೀನಿ. ಮೊದಲನೇ ವರ್ಷ ಒಂದೇ. ಆಮೇಲೆ ಒಂದು. ಆಮೇಲೆ ಎರಡು, ನಾಲ್ಕು. ಈ ವರ್ಷ ಇನ್ನೂ ಮುಗಿದಿಲ್ಲ, ಆಗ್ಲೇ ಐದು. ಕಾಗದದಲ್ಲಿ ಒಬ್ಬರಿಗೆ ಹೃದಯ, ಒಬ್ಬರಿಗೆ ಡ್ರಗ್ಸು, ಇನ್ನೊಬ್ಬರಿಗೆ ಏನೋ ಉದ್ವೇಗ ಅಂತೆ. ಎಲ್ಲಾ ಬೇರೆ ಬೇರೆ ಕಡೆ ಹಂಚಿಹೋಗಿದೆ. ಏರ್ತಾ ಇದೆ ಅಂತ ಯಾರಿಗೂ ಕಾಣಲ್ಲ.’

ನಾನು ಎಂಜಿನಿಯರು ಅಲ್ಲವೇ, ಬುದ್ಧಿ ಹೇಳಿದೆ. ಪೊಲೀಸರ ಹತ್ತಿರ ಪೆಟ್ಟಿಗೆಗಳು ಹೆಚ್ಚಾಗಿವೆ, ಲೆಕ್ಕವೂ ಹೆಚ್ಚಾಗಿದೆ, ಅಷ್ಟೇ ಎಂದೆ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಇದರಿಂದಲೇ ಅದು ಎನ್ನಲಾಗದು ಎಂದೆ. ‘ಕಾಫಿ ಕುಡಿದು ಸತ್ತೋರು ಎಷ್ಟು ಜನ ಇಲ್ಲ? ಕಾಫಿ ಕೊಂದ್ಬಿಡ್ತಾ?’ ಎಂದೂ ಕೇಳಿದೆ.

‘ಕೊಂದಿದ್ದು ಅದೇ ಅಂತ ನಾನೆಲ್ಲಿ ಹೇಳ್ದೆ? ಆಗಿದ್ದನ್ನ ಬರೀಲಿ ಅಂದೆ. ಕೊಂದಿಲ್ಲ ಅಂತ ನಿಮಗೆ ಅಷ್ಟು ಧೈರ್ಯ ಇದ್ರೆ, ಬರೆಯಕ್ಕೆ ಯಾಕೆ ಹೆದರ್ತೀರಿ?’

ಸಭಿಕರೇ, ಮೈಸೂರಿನ ಮಹಾರಾಜಾ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಎರಡು ಸಲ ಬಹುಮಾನ ಗೆದ್ದವನು. ಅಂದು ಎದ್ದು ಹೋಗಿ ಸಾರು ಬಿಸಿಗಿಟ್ಟೆ.

ಸತ್ಯವತಿ ಆ ಹದಿಮೂರು ಹೆಸರಿನ ಪಟ್ಟಿ ಮಾಡಿ ತನ್ನ ಆಫೀಸಿನ ಡಾಕ್ಟರಿಗೆ ಕೊಟ್ಟಳು. ಡಾಕ್ಟರು ಫೈಲು ತೆಗೆಸಿ ಚೀಟಿಗಳನ್ನು ಹುಡುಕಿಸಿದರು. ಹದಿಮೂರರಲ್ಲಿ ಮೂರು ಸಿಕ್ಕವು, ಉಳಿದವು ಹಳೆಯ ಕಾಗದದ ಜೊತೆ ಹೋಗಿಬಿಟ್ಟಿದ್ದವು. ಉಳಿದ ಹತ್ತಕ್ಕೆ ಸಾಕ್ಷಿ ಎಂದರೆ ಸತ್ಯವತಿಯ ಪಂಚಾಂಗವೊಂದೇ. ಆಫೀಸಿನ ವಿಷಯವನ್ನು ಮನೆಯ ಪುಸ್ತಕದಲ್ಲಿ ಬರೆದದ್ದಕ್ಕೆ ಕೆಲಸದಿಂದ ತೆಗೆಯಬೇಕು ಎಂದು ಮೇಲಿನವರೊಬ್ಬರು ಕುಣಿದಾಡಿದರು. ಡಾಕ್ಟರು, ‘ಅದು ಆಕೆಯ ಧರ್ಮಗ್ರಂಥ, ಮುಟ್ಟಿದರೆ ಕೋರ್ಟಿಗೆ ಹೋಗುತ್ತಾಳೆ’ ಎಂದು ಹೆದರಿಸಿ ಉಳಿಸಿದರು. ಕೊನೆಗೆ ಕೌಂಟಿಯ ಮಂಡಳಿ, ಇದನ್ನು ಬಹಿರಂಗವಾಗಿ ವಿಚಾರಣೆ ಮಾಡೋಣ ಎಂದಿತು. ಪಟ್ಟಿಯನ್ನು ಒಪ್ಪಿದರೆ ಇನ್ನು ಮುಂದೆ ಇಂಥ ಸಾವನ್ನು ಬರೆದಿಡುವ ನಿಯಮ ಬರುತ್ತದೆ, ರೇಮಂಡನ ಕಾಗದವೂ ತಿದ್ದುಪಡಿಯಾಗುತ್ತದೆ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ನಮ್ಮ ಕಂಪನಿಯಲ್ಲಿ ಗಡಿಬಿಡಿ ಶುರುವಾಯಿತು. ರೇಮಂಡನಿಗೆ ಮುಟ್ಟಿಸಿದ್ದು ನಮ್ಮದೇ ಪೆಟ್ಟಿಗೆ. ಲಾಯರು ನನ್ನನ್ನು ಕರೆದು, ಆ ಪಟ್ಟಿಯ ವಿಷಯ ನಿಮಗೇನಾದರೂ ಗೊತ್ತೇ ಎಂದು ಬಹಳ ವಿನಯದಿಂದ ಕೇಳಿದರು. ಒಂದು ಭಾನುವಾರ ಸತ್ಯವತಿ ಇಂದುವನ್ನು ಸಂಗೀತದ ಪಾಠಕ್ಕೆ ಕರೆದುಕೊಂಡು ಹೋಗಿದ್ದಾಗ, ನಾನು ದೇವರ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಪಂಚಾಂಗದ ಸಾಲುಗಳನ್ನೂ ಲಾಯರು ತರಿಸಿದ್ದ ಮರಣಪತ್ರಗಳ ನಕಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎಂಟು ತಾರೀಖು ಸರಿಯಾಗಿದ್ದವು. ಐದು ತಪ್ಪಾಗಿದ್ದವು. ಐದೂ ಒಂದೊಂದು ದಿನ ಹಿಂದೆ.

ಏಕೆ ಎಂದು ನಿಮಗೆ ಹೊಳೆಯಿತಲ್ಲವೇ? ನನಗೂ ಆ ಕ್ಷಣವೇ ಹೊಳೆಯಿತು. ನಮ್ಮ ಲೆಕ್ಕದಲ್ಲಿ ದಿನ ಶುರುವಾಗುವುದು ಮಧ್ಯರಾತ್ರಿಯಿಂದಲ್ಲ, ಸೂರ್ಯೋದಯದಿಂದ. ಮಂಗಳವಾರ ಬೆಳಗಿನ ಜಾವ ಮೂರಕ್ಕೆ ಪ್ರಾಣ ಹೋದರೆ ಮರಣಪತ್ರದಲ್ಲಿ ಅದು ಮಂಗಳವಾರ, ಪಂಚಾಂಗದಲ್ಲಿ ಸೋಮವಾರ. ಸತ್ಯವತಿ ಆಫೀಸಿನಲ್ಲಿ ಟೈಪು ಮಾಡುವಾಗ ಒಂದು ಲೆಕ್ಕ, ಮನೆಯಲ್ಲಿ ಬರೆಯುವಾಗ ಇನ್ನೊಂದು ಲೆಕ್ಕ ಹಿಡಿದಿದ್ದಳು. ಪಂಚಾಂಗದ ಸಾಲಿನಲ್ಲಿ ಇಂಗ್ಲಿಷ್ ತಾರೀಖೂ ಅಚ್ಚಾಗಿತ್ತು; ಆಕೆ ಡಾಕ್ಟರಿಗೆ ಕೊಟ್ಟ ಪಟ್ಟಿಯಲ್ಲಿ ಬರೀ ಹೆಸರಿತ್ತು. ಇಂಥ ತಪ್ಪು ನಮ್ಮವರು ಮಾತ್ರ ಮಾಡಬಲ್ಲರು, ಇಂಥ ತಪ್ಪಿನ ಗುಟ್ಟು ನಮ್ಮವರಿಗೆ ಮಾತ್ರ ತಿಳಿದೀತು. ನಾನು ವೈದಿಕರ ಮನೆಯಲ್ಲಿ ಬೆಳೆದವನು. ನಮ್ಮ ತಂದೆಯ ಹತ್ತಿರ ಊರಿನವರೆಲ್ಲ ತಿಥಿ ಕೇಳಿಕೊಂಡು ಬರುತ್ತಿದ್ದರು.

ನಾನು ಐದು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದೆ. ಲಾಯರಿಗೆ ಕೊಟ್ಟೆ. ‘ಇವು ತಾಳೆಯಾಗುತ್ತಿಲ್ಲ’ ಎಂದೆ. ಏಕೆ ತಾಳೆಯಾಗುತ್ತಿಲ್ಲ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಧ್ಯಕ್ಷರೇ, ಗಾಬರಿಯಾಗಬೇಡಿ, ಸನ್ಮಾನ ಭಾಷಣ ಇನ್ನೂ ಹಳಿಯ ಮೇಲೆಯೇ ಇದೆ.

ವಿಚಾರಣೆಯ ದಿನ ಸತ್ಯವತಿ ಮದುವೆಯ ಸೀರೆ ಉಟ್ಟು, ಮೇಲೊಂದು ಸ್ವೆಟರು ಹಾಕಿ, ಐದು ಪಂಚಾಂಗಗಳನ್ನು ಎದೆಗವಚಿಕೊಂಡು ಮಂಡಳಿಯ ಮುಂದೆ ಕೂತಳು. ನಾನು ಕಂಪನಿಯವರ ಸಾಲಿನಲ್ಲಿ, ಕಂಬದ ಹಿಂದೆ. ನಮ್ಮ ಇಂದು ಶಾಲೆಗೆ ಚಕ್ಕರ್ ಹೊಡೆದು ಅಮ್ಮನ ಹಿಂದೆ ಕೂತಿದ್ದಳು. ಲಾಯರು ಎದ್ದರು. ‘ಮೇಡಂ, ನಿಮ್ಮ ಪುಸ್ತಕದಲ್ಲಿ ಈ ಮನುಷ್ಯ ಹದಿನಾಲ್ಕಕ್ಕೆ ಸತ್ತಿದ್ದಾನೆ. ನೀವೇ ಟೈಪು ಮಾಡಿದ ಕಾಗದದಲ್ಲಿ ಹದಿನೈದಕ್ಕೆ ಸತ್ತಿದ್ದಾನೆ. ಯಾವುದು ಸರಿ?’

‘ಎರಡೂ ಸರಿ’ ಎಂದಳು ಸತ್ಯವತಿ.

ಸಭೆ ನಕ್ಕಿತು. ‘ಒಬ್ಬ ಮನುಷ್ಯ ಎರಡು ದಿನ ಸಾಯಲು ಸಾಧ್ಯವೇ, ಮೇಡಂ?’ ಎಂದರು ಲಾಯರು. ಇಂಗ್ಲಿಷಿನಲ್ಲಿ ಸತ್ಯವತಿ ಹೇಳಿದಳು, ‘ನಮ್ಮ ಮನೆಯಲ್ಲಿ ಸೂರ್ಯ ಬರುವವರೆಗೂ ಹೊಸ ದಿನ ಬರುವುದಿಲ್ಲ.’ ಈ ಸಲ ಮಂಡಳಿಯವರೂ ನಕ್ಕರು. ನನಗೂ ನಗು ಬಂತು. ಎಲ್ಲರೂ ನಗುವಾಗ ಬರುವಂಥ ನಗು. ಪಟ್ಟಿಯನ್ನು ಬದಿಗಿಟ್ಟರು. ಮಿಸೆಸ್ ಹ್ಯಾಚರ್ ಎದ್ದು, ಕೋಟು ತೊಟ್ಟು, ಯಾರನ್ನೂ ನೋಡದೆ ಬಸ್ಸಿಗೆ ಹೋದರು.

ಮನೆಗೆ ಬರುವಾಗ ಫ್ರೀವೇ ಮೇಲೆ ಎಂದಿನ ಹಾಗೆ ಕಾರುಗಳು ನಿಂತಿದ್ದವು. ನಾನು ಸಮಾಧಾನ ಮಾಡಲು ಹೋದೆ, ‘ಬಿಡು ಸತ್ಯಾ, ಲಾಯರುಗಳು ಅಂದ್ರೆ ಹಾಗೇ’ ಎಂದೆ. ಆಕೆ ಕಿಟಕಿಯಿಂದಾಚೆ ನೋಡುತ್ತಲೇ ಕೇಳಿದಳು:

‘ಆ ಲಾಯರಿಗೆ ಕನ್ನಡ ಯಾವಾಗ ಬಂತು ರೀ?’

ಪಂಚಾಂಗ ಕನ್ನಡದಲ್ಲಿದೆ. ಅದು ನಮ್ಮ ದೇವರ ಗೂಡಿನ ಕೆಳಗಿದೆ. ಇಷ್ಟು ಸರಳವಾದದ್ದು ನನ್ನ ಎಂಜಿನಿಯರ್ ತಲೆಗೆ ಹೊಳೆದೇ ಇರಲಿಲ್ಲ. ಹಿಂದಿನ ಸೀಟಿನಿಂದ ಇಂದು, ‘ಡ್ಯಾಡ್, ಯು ಲಾಫ್ಡ್. ಐ ಸಾ ಯು’ ಎಂದಳು. ಅಷ್ಟೇ ಹೇಳಿದ್ದು, ಹದಿನಾಲ್ಕು ವರ್ಷದ ಹುಡುಗಿ.

ಎಂಟು ದಿನ ಮನೆಯಲ್ಲಿ ಮಾತಿಲ್ಲ. ಅಡುಗೆ ಆಗುತ್ತಿತ್ತು, ನನ್ನ ಪಾಲಿನ ಸಾರಿಗೆ ಒಗ್ಗರಣೆ ಇರುತ್ತಿರಲಿಲ್ಲ. ಸತ್ಯವತಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಎಂಟನೆಯ ದಿನ ಬುಧವಾರ. ಆಫೀಸಿನಿಂದ ಬಂದು, ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ನನ್ನ ಮುಂದೆ ನಿಂತು, ‘ಇವತ್ತು ಆ ಯಮ್ಮ ಕಿಟಕಿಗೆ ಬರಲಿಲ್ಲ’ ಎಂದಳು. ಅಷ್ಟು ಹೇಳಿ ಅಡುಗೆಮನೆಗೆ ಹೋದಳು.

ನನ್ನಿಂದ ತಡೆಯಲಾಗಲಿಲ್ಲ, ಸಭಿಕರೇ. ಮೂವತ್ತು ವರ್ಷದಲ್ಲಿ ಮೊದಲ ಸಲ ಅತ್ತೆ.

ಮಾರನೆಯ ದಿನ ಕಂಪನಿಗೆ ರಾಜೀನಾಮೆ ಕೊಟ್ಟೆ. ಮಂಡಳಿಗೆ ಕಾಗದ ಬರೆದೆ: ಆ ಐದು ತಾರೀಖುಗಳ ಅರ್ಥ ನನಗೆ ಗೊತ್ತಿದೆ, ಐದು ನಿಮಿಷ ಕೊಡಿ. ಮುಂದಿನ ತಿಂಗಳ ಸಭೆಯಲ್ಲಿ ಕೊಟ್ಟರು. ನಾನು ಎದ್ದು ನಿಂತು, ‘ನಾನು ಸತ್ಯವತಿಯ ಗಂಡ’ ಎಂದು ಹೇಳಿ, ಸೂರ್ಯೋದಯದ ಲೆಕ್ಕ ವಿವರಿಸಿದೆ. ಆ ಐವರ ಮರಣಪತ್ರದಲ್ಲಿರುವ ಗಂಟೆಯನ್ನು ಮಾತ್ರ ಓದಿಸಿ ಎಂದೆ. ಮಂಡಳಿಯ ಅಧ್ಯಕ್ಷೆ ಗುಮಾಸ್ತನಿಗೆ ಸನ್ನೆ ಮಾಡಿದರು. ಗುಮಾಸ್ತ ಓದಿದ: ಎರಡು ಗಂಟೆ ಹತ್ತು ನಿಮಿಷ. ನಾಲ್ಕು ನಲವತ್ತು. ಹನ್ನೆರಡೂವರೆ. ಮೂರು ಗಂಟೆ. ಕೊನೆಯದು ರೇಮಂಡ್ ಹ್ಯಾಚರ್, ಐದಕ್ಕೆ ಐದು ನಿಮಿಷ.

ಐದೂ ಸೂರ್ಯ ಹುಟ್ಟುವ ಮುಂಚೆ. ಈ ಸಲ ಯಾರೂ ನಗಲಿಲ್ಲ. ಸತ್ಯವತಿಯ ಡಾಕ್ಟರು ಎದ್ದು, ‘ಪುಸ್ತಕವನ್ನು ಆಮೇಲೆ ಕಾಗದ ನೋಡಿ ಕಟ್ಟಿದ್ದರೆ ಹೀಗೆ ಬರುತ್ತಿರಲಿಲ್ಲ. ಈಕೆ ಅಂದಂದಿನದನ್ನು ಅಂದಂದೇ ಬರೆದಿದ್ದಾಳೆ ಎನ್ನುವುದಕ್ಕೆ ಇದೇ ಸಾಕ್ಷಿ’ ಎಂದರು. ಹೀಗೆ ನಾನು ಯಾವುದನ್ನು ಕಲ್ಲಾಗಿ ಎಸೆದಿದ್ದೆನೋ ಅದೇ ಸತ್ಯವತಿಯ ಪಟ್ಟಿಗೆ ಅಡಿಗಲ್ಲಾಯಿತು. ಈಗ ನಮ್ಮ ಕೌಂಟಿಯ ಫಾರಂನಲ್ಲಿ ಒಂದು ಹೊಸ ಸಾಲು ಇದೆ: ಸಾವಿಗೆ ಮುಂಚೆ ವಿದ್ಯುತ್ ಆಯುಧ ಬಳಸಲಾಗಿತ್ತೇ, ಹೌದು ಅಥವಾ ಇಲ್ಲ. ಒಂದೇ ಸಾಲು. ಅದನ್ನು ಮೊದಲ ಸಲ ಟೈಪು ಮಾಡಿದವಳು ಇಗೋ ಇಲ್ಲಿ ಶಾಲು ಹೊದ್ದು ಕೂತಿದ್ದಾಳೆ. ಆ ಪೆಟ್ಟಿಗೆ ಎಷ್ಟು ಜನರನ್ನು ಕೊಂದಿತು? ಡಾಕ್ಟರನ್ನು ಕೇಳಿದರೆ, ಕೊಂದಿತು ಎನ್ನಲಾರೆ, ಇಲ್ಲ ಎನ್ನಲಾರೆ, ಇನ್ನು ಮುಂದೆ ಎಣಿಸಬಲ್ಲೆವು ಎನ್ನುತ್ತಾರೆ. ಚಪ್ಪಾಳೆ ಹೊಡೆಯಬೇಕಾದ ಜಾಗ ಇದು. ಹೊಡೆಯಿರಿ, ಇನ್ನೂ ಜೋರಾಗಿ, ನನ್ನ ಸಾರಿಗೆ ಒಗ್ಗರಣೆ ಮತ್ತೆ ಬಂದಿರುವುದು ಇಂಥ ಚಪ್ಪಾಳೆಗಳ ಪುಣ್ಯದಿಂದ.

ನಾನು ಈಗ ಕಮ್ಯೂನಿಟಿ ಕಾಲೇಜಿನಲ್ಲಿ ಹುಡುಗರಿಗೆ ರೇಡಿಯೋ ರಿಪೇರಿ ಕಲಿಸುತ್ತೇನೆ. ಸುಖವಾಗಿದ್ದೇನೆ. ರೇಡಿಯೋ ಯಾರಿಗೂ ಏನೂ ಮಾಡುವುದಿಲ್ಲ, ವಾರ್ತೆ ಓದಿದಾಗ ಮಾತ್ರ ಸ್ವಲ್ಪ ಎದೆ ಉರಿಯುತ್ತದೆ.

ಇಲ್ಲಿಗೆ ಮುಗಿಸಬಹುದಿತ್ತು. ಅಧ್ಯಕ್ಷರು ಚೀಟಿಯನ್ನೂ ಕಳಿಸಿದ್ದಾರೆ. ಆದರೆ ಒಂದು ಮಾತು ಉಳಿದಿದೆ.

ರೇಮಂಡನ ಕಾಗದ ತಿದ್ದುಪಡಿಯಾದ ಮೇಲೆ ಮಿಸೆಸ್ ಹ್ಯಾಚರ್ ನಮ್ಮ ಮನೆಗೆ ಬಂದರು. ಸತ್ಯವತಿ ಪಂಚಾಂಗ ತೆರೆದು ಮಗನ ತಿಥಿ ತೋರಿಸಿದಳು. ಮೂರು ವರ್ಷದಿಂದ ಆ ದಿನ ಬರುತ್ತಾರೆ. ನಾವು ಎಲೆ ಹಾಕುತ್ತೇವೆ, ಅಂದರೆ ಪೇಪರ್ ಪ್ಲೇಟು. ಮಗನಿಗೆ ಇಷ್ಟ ಎಂದು ಅವರೊಂದು ಆಪಲ್ ಪೈ ತರುತ್ತಾರೆ, ಅದನ್ನು ಸತ್ಯವತಿ ಮೊದಲು ಕಾಗೆಗೆ ಇಡುತ್ತಾಳೆ. ಈ ದೇಶದ ಕಾಗೆ ಪೈ ಬೇಡ ಎನ್ನುವುದಿಲ್ಲ. ಊಟವಾದ ಮೇಲೆ ಹೊರಡುವಾಗ ಅವರು ಪ್ರತಿ ಸಲವೂ ನನ್ನ ಎರಡೂ ಕೈ ಹಿಡಿದುಕೊಂಡು, ‘ನೀವು ಒಳ್ಳೆಯವರು. ಅಂದು ನನ್ನ ಮಗನಿಗಾಗಿ ಮೊದಲು ಎದ್ದು ನಿಂತವರು ನೀವೇ’ ಎನ್ನುತ್ತಾರೆ.

ಮಂಡಳಿಯ ಮುಂದೆ ನಾನು ಸತ್ಯವತಿಯ ಗಂಡ ಎಂದಷ್ಟೇ ಹೇಳಿದ್ದೆ. ಆ ಪೆಟ್ಟಿಗೆಯ ಸರ್ಕ್ಯೂಟು ನನ್ನದು ಎಂದು ಹೇಳಲಿಲ್ಲ. ಆ ಐದು ತಾರೀಖುಗಳನ್ನು ಲಾಯರಿಗೆ ಕೊಟ್ಟವನು ನಾನು ಎಂದೂ ಹೇಳಲಿಲ್ಲ. ಲಾಯರಿಗೆ ಅದು ಗೊತ್ತಿತ್ತು, ಆದರೆ ತನ್ನ ಕಂಪನಿಯ ಎಂಜಿನಿಯರೇ ಎದುರು ನಿಂತಿದ್ದಾನೆ ಎಂದು ಸಾರಲು ಅವನಿಗೇನು ಹುಚ್ಚೇ? ಸತ್ಯವತಿಗೂ ಗೊತ್ತು. ‘ನೀನೇ ಅವರಿಗೆ ಹೇಳಿಬಿಡು’ ಎಂದು ಒಂದು ಸಲ ಕೇಳಿಕೊಂಡೆ. ‘ನಾನು ಬರೆಯೋದು ಸತ್ತೋರ ವಿಷಯ ಮಾತ್ರ ರೀ. ಬದುಕಿರೋರು ಅವರವರ ವಿಷಯ ಅವರವರೇ ಹೇಳ್ಕೋಬೇಕು’ ಎಂದಳು.

ಇಂದು ಬೆಳಗ್ಗೆ ಸತ್ಯವತಿ, ತನ್ನ ಸನ್ಮಾನಕ್ಕೆ ಒಬ್ಬರನ್ನು ಕರೆಯಲೇಬೇಕು ಎಂದು ತಾನೇ ಕಾರು ತೆಗೆದುಕೊಂಡು ಹೋಗಿ ಕರೆತಂದಳು. ಮೂರನೆಯ ಸಾಲಿನಲ್ಲಿ, ನಮ್ಮ ಇಂದುವಿನ ಪಕ್ಕದಲ್ಲಿ, ನೀಲಿ ಹ್ಯಾಟು ಹಾಕಿಕೊಂಡು ಕುಳಿತಿದ್ದಾರಲ್ಲ, ಅವರೇ ಮಿಸೆಸ್ ಹ್ಯಾಚರ್. ತಿರುಗಿ ನೋಡಬೇಡಿ, ದಯವಿಟ್ಟು. ನೋಡಿಬಿಟ್ಟಿರಿ. ಅವರು ನಗುತ್ತಿದ್ದಾರೆ. ನಾನು ಅವರನ್ನು ಹೊಗಳುತ್ತಿದ್ದೇನೆ ಎಂದುಕೊಂಡಿದ್ದಾರೆ. ನೀವು ಚಪ್ಪಾಳೆ ಹೊಡೆದಾಗಲೆಲ್ಲ ಅವರೂ ಹೊಡೆದರು.

ಇಷ್ಟು ಹೊತ್ತು ನಾನು ಅಚ್ಚ ಕನ್ನಡದಲ್ಲಿ ಮಾತನಾಡಿದೆ. ರಾಜ್ಯೋತ್ಸವವಲ್ಲವೇ, ಭಾಷಾಭಿಮಾನ ಎಂದು ನೀವು ಮೆಚ್ಚಿಕೊಂಡಿರಬಹುದು. ಮೆಚ್ಚಬೇಡಿ. ಇದನ್ನೆಲ್ಲ ಎಲ್ಲರ ಮುಂದೆ ಇಷ್ಟು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು, ಈ ಸಭಾಂಗಣದಲ್ಲಿ ಯಾರಿಗೆ ಹೇಳಬೇಕಿತ್ತೋ ಅವರೊಬ್ಬರಿಗೇ ಇದು ಅರ್ಥವಾಗುವುದಿಲ್ಲ ಎಂಬ ಧೈರ್ಯದಿಂದ. ಇನ್ನೂರು ಜನರ ಮುಂದೆ ತಪ್ಪೊಪ್ಪಿಕೊಂಡೆ ಎಂದು ಇಂದು ಮನೆಗೆ ಹೋಗಿ ಸುಖವಾಗಿ ಮಲಗಿಬಿಡಬಹುದು. ನಾನು ಅಂಥವನೇ ಎಂದು ವೇದಿಕೆಯ ಮೇಲಿರುವ ಸನ್ಮಾನಿತರಿಗೆ ಚೆನ್ನಾಗಿ ಗೊತ್ತು. ನೋಡಿ, ಅವರು ಈಗ ಹಣ್ಣಿನ ತಟ್ಟೆಯನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾರೆ.

ಆದ್ದರಿಂದ ಸಭಿಕರೇ, ಸತ್ಯವತಿಯನ್ನು ಗುರುತಿಸಿ ಗೌರವಿಸಿದ ಬಳಗಕ್ಕೆ, ಸಮಯ ಮೀರಿದರೂ ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಒಂದು ಮಾತಿಗೂ ಎದ್ದು ಹೋಗದ ನಿಮಗೆ ನನ್ನ ಹೃತ್ಪೂರ್ವಕ ವಂದನೆಗಳು. ನೀವೆಲ್ಲ ಊಟಕ್ಕೆ ನಡೆಯಿರಿ, ನನ್ನನ್ನು ಕಾಯಬೇಡಿ. ನನ್ನ ಭಾಷಣ ಅರ್ಧ ಮಾತ್ರ ಆಗಿದೆ. ಉಳಿದ ಅರ್ಧವನ್ನು ಇಳಿದು ಹೋಗಿ, ಮೂರನೆಯ ಸಾಲಿನಲ್ಲಿ, ಇಂಗ್ಲಿಷಿನಲ್ಲಿ ಮಾಡುತ್ತೇನೆ.

ನಮಸ್ಕಾರ.